ಶನಿವಾರ ನಾಲ್ಕು ಗಂಟೆಯ ಇಂಗ್ಲಿಷ್ ಚಹಾ

ಶ್ರೀ ಗುರುಬಸವಲಿಂಗಾಯ ನಮಃ

ಪ್ಲೇನ್ಸ್‌ಬರೋ, ನ್ಯೂಜೆರ್ಸಿ
ಮಂಗಳವಾರ, 15 ಅಕ್ಟೋಬರ್ 2024

ನನ್ನ ತಮ್ಮ ಶಿವಪ್ರಸಾದನಿಗೆ ಅಕ್ಕ ಗಿರಿಜಾದೇವಿಯ ಆಶೀರ್ವಾದಗಳು. ಕೌಸಲ್ಯಾಳಿಗೂ ತಿಳಿಸು. ನೀವಿಬ್ಬರೂ ಆರೋಗ್ಯದಿಂದ ಇದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ನಾವೆಲ್ಲ ಆರಾಮ ಎಂದು ಮುಂದಿನ ಸಾಲು ಬರೆಯುವುದು ರೂಢಿ. ಈ ಸಲ ಅದನ್ನು ಬರೆಯುವುದಿಲ್ಲ.

ಮೂರು ವಾರದಿಂದ ನಿನ್ನ ಫೋನು ಎತ್ತಲಿಲ್ಲ, ತಪ್ಪಾಯಿತು. ಒಂದು ಸಲ ಎತ್ತಿದೆ, ನಿನ್ನ ಮಾತು ಮುಗಿಯುವ ಮೊದಲೇ ಇಟ್ಟುಬಿಟ್ಟೆ. ಎದುರಿಗಿದ್ದಿದ್ದರೆ ನಿನ್ನ ಕಪಾಳಕ್ಕೆ ಬಿಗಿಯುತ್ತಿದ್ದೆ, ಅಳಿಯನನ್ನು ಕಂಡ ವಯಸ್ಸಿನವನು ಎಂದೂ ನೋಡುತ್ತಿರಲಿಲ್ಲ. ನಡುವೆ ಅಷ್ಟು ದೊಡ್ಡ ಸಮುದ್ರ ಇದ್ದದ್ದು ನಿನ್ನ ಪುಣ್ಯ. ಫೋನಿನಲ್ಲಿ ನನ್ನ ಬಾಯಿಗೆ ಸುಳ್ಳು ಸಲೀಸಾಗಿ ಬರುತ್ತದೆ, ಐದು ತಿಂಗಳಿಂದ ನಿನಗೆ ಹೇಳಿದ್ದೂ ಅದನ್ನೇ. ಅದಕ್ಕೇ ಕಾಗದ ಹಿಡಿದಿದ್ದೇನೆ. ಅವನಿ ಒಂದೊಂದೇ ಹಾಳೆಯ ಫೋಟೋ ತೆಗೆದು ನಿನ್ನ ವಾಟ್ಸಾಪಿಗೆ ಕಳಿಸುತ್ತಾಳೆ. ಅವನಿ ಅಂದರೆ ನಿನ್ನ ಮಗಳು ರಕ್ಷಾಳ ಜೊತೆ ಹುಬ್ಬಳ್ಳಿಯ ಕಾಲೇಜಿನಲ್ಲಿ ಓದಿದ ಹುಡುಗಿ, ಈಗ ನಮ್ಮಿಬ್ಬರನ್ನೂ ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದಾಳೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬಲಗೈಯ ಎರಡು ಬೆರಳಿಗೆ ಪಟ್ಟಿ ಕಟ್ಟಿದ್ದಾರೆ. ಮುರಿದವನು ನನ್ನ ಮಗ ಕಿರಣ.

ಆ ಒಂದು ಫೋನಿನಲ್ಲಿ ನೀನು ಹೇಳಿದ್ದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ. "ಅಕ್ಕಾ, ಗುರುವಾರ ಕೋರ್ಟಿನ್ಯಾಗ ಚಾ ಚೆಲ್ಲಿತ್ತು, ರಕ್ಷಾ ಕಾಲು ಜಾರಿ ಬಿದ್ದಳು ಅಂತ ಹೇಳಿಬಿಡು. ನೋಡಿದಾಕಿ ನೀ ಒಬ್ಬಾಕೀನ. ನೀ ಅಂದಿದ್ದ ಖರೆ ಆಗ್ತದ. ಕಿರಣನ ವೀಸಾ ಹೋದ್ರ ಅಕೀದೂ ಹೋಗ್ತದ. ಮನೀ ಮಾತು ಮನ್ಯಾಗ ಮುಗೀಲಿ." ಕಿರಣನೂ ತನ್ನ ಗೆಳೆಯನ ಕಡೆಯಿಂದ ಇದನ್ನೇ ಹೇಳಿ ಕಳಿಸಿದ್ದಾನೆ. ಸೋದರಮಾವ, ಅಳಿಯ ಇಬ್ಬರೂ ಮಾತಾಡಿಕೊಂಡಿದ್ದೀರಿ ಎಂದು ನನಗೆ ಗೊತ್ತಾಯಿತು. ಗುರುವಾರ ನಾನು ಏನು ಹೇಳುತ್ತೇನೆ ಎಂದು ಹೇಳುವ ಮೊದಲು ಆ ಶನಿವಾರ ಏನಾಯಿತು ಎಂದು ಓದು. ನಡುವೆ ಬಿಟ್ಟು ಎದ್ದು ಹೋಗಬೇಡ.

ಮೆಟುಚೆನ್ ಎಂಬ ಊರಿನ ಒಂದು ಚರ್ಚಿನ ಹಾಲಿನಲ್ಲಿ ಬುಧವಾರ ಬೆಳಿಗ್ಗೆ ನನ್ನಂಥವರಿಗೆ ಪುಕ್ಕಟೆ ಇಂಗ್ಲಿಷ್ ಕಲಿಸುತ್ತಾರೆ. ಜುಲೈನಿಂದ ಹೋಗುತ್ತಿದ್ದೆ. ರಕ್ಷಾಗೆ ಇಂಗ್ಲಿಷ್ ಏನೂ ಕಲಿಯಬೇಕಾಗಿರಲಿಲ್ಲ, ನನ್ನನ್ನು ಕಾರಿನಲ್ಲಿ ಕರೆದೊಯ್ಯುವ ನೆಪದಲ್ಲಿ ಅವಳೂ ಬಂದು ಹಿಂದೆ ಕೂರುತ್ತಿದ್ದಳು. ಕಿರಣ ಅವಳ ಕೈಗೆ ಕಾರಿನ ಕೀಲಿ ಕೊಡುತ್ತಿದ್ದದ್ದು ಬುಧವಾರ ಮಾತ್ರ. ತಿರುಗಿ ಬಂದ ಮೇಲೆ ಎಷ್ಟು ಮೈಲಿ ಓಡಿದೆ ಎಂದು ಕಾರಿನಲ್ಲಿ ನೋಡುತ್ತಿದ್ದ. ನಾನು ಅದನ್ನು ಮಗನ ಶಿಸ್ತು ಎಂದುಕೊಂಡಿದ್ದೆ. ಎಂಥ ಕತ್ತೆ ನಾನು.

ಕಲಿಸುವಾಕೆ ಡೊರೀನ್ ಎಂಬ ಎಪ್ಪತ್ತೆಂಟು ವರ್ಷದ ಇಂಗ್ಲೆಂಡಿನ ಮುದುಕಿ. ಕಲ್ಲಿದ್ದಲ ಗಣಿಯ ಊರಲ್ಲಿ ಹುಟ್ಟಿ, ಅಮೆರಿಕದವನನ್ನು ಮದುವೆಯಾಗಿ ಇಲ್ಲಿಗೆ ಬಂದವಳು. ಊರಿನ ಶಾಲೆಯ ಟೀಚರನ್ನು ಕರೆದಂತೆ ನಾನು ಅವಳನ್ನು ಅಕ್ಕೋರು ಎಂದೇ ಕರೆಯುವುದು, ಅವಳೂ ಅದಕ್ಕೆ ಓಗೊಡುತ್ತಾಳೆ. ಸೆಪ್ಟೆಂಬರ್ ತಿಂಗಳಲ್ಲಿ ಅವಳು ತನ್ನ ಊರಿನ ಊಟ ಮತ್ತು ಚಹಾದ ಪಾಠ ಮಾಡಿದಳು. ಇಪ್ಪತ್ತೆರಡು ವರ್ಷ ಗದಗಿನಲ್ಲಿ ಖಾನಾವಳಿ ನಡೆಸಿದವಳು ನಾನು, ನನಗೆ ಊಟದ ಪಾಠ! ಆ ಜನ ಬೆಳಿಗ್ಗೆ ಸುಟ್ಟ ಬ್ರೆಡ್ಡಿನ ಮೇಲೆ ಡಬ್ಬಿಯ ಕಾಳಿನ ಪಲ್ಯ ಸುರುವಿಕೊಂಡು ತಿನ್ನುತ್ತಾರಂತೆ. ಪುಡ್ಡಿಂಗ್ ಎಂದು ಹೆಸರಿಟ್ಟು ಅದಕ್ಕೆ ಸಕ್ಕರೆಯನ್ನೇ ಹಾಕದೆ ಭಾನುವಾರದ ಮಾಂಸದ ಜೊತೆ ತಿನ್ನುತ್ತಾರಂತೆ. ಸೌತೇಕಾಯಿಯ ಸ್ಯಾಂಡ್‌ವಿಚ್ಚಿಗೆ ಒಂದು ಹಸಿಮೆಣಸಿನಕಾಯಿ ಕೂಡ ಇಲ್ಲ. "ಅಕ್ಕೋರ, ನಿಮ್ಮ ಮಂದಿಗೆ ನಾಲಿಗಿ ಐತೋ ಇಲ್ಲೋ" ಎಂದು ಕೇಳಿದೆ. ರಕ್ಷಾ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಡೊರೀನ್ ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

ಚಹಾದ ಶಾಸ್ತ್ರ ಮಾತ್ರ ನನಗೆ ಹಿಡಿಸಿತು. ಮೊದಲು ಬಿಸಿನೀರು ಹಾಕಿ ಪಾಟನ್ನು, ಅಂದರೆ ಚಹಾದ ಪಿಂಗಾಣಿ ಹೂಜಿಯನ್ನು, ಬೆಚ್ಚಗೆ ಮಾಡಬೇಕು. ಆ ನೀರು ಚೆಲ್ಲಿ, ಚಹಾ ಎಲೆ ಹಾಕಿ, ಕುದಿಯುವ ನೀರು ಹೊಯ್ದು, ಪಾಟಿಗೆ ಉಣ್ಣೆಯ ಟೋಪಿ ತೊಡಿಸಿ ಕಾಯಬೇಕು. ಹಾಲು ಬೇರೆ ಜಗ್ಗಿನಲ್ಲಿ. ಚಮಚ ಕಪ್ಪಿಗೆ ತಾಗಿ ಸದ್ದಾಗಬಾರದು. ನಾನು ಎಂದಿನಂತೆ ಕಪ್ಪಿನ ಕೆಳಗಿನ ಬಸಿಗೆ ಸುರುವಿಕೊಂಡು ಸುರ್ ಎಂದು ಕುಡಿದಾಗ ಎಲ್ಲರೂ ನನ್ನತ್ತ ನೋಡಿದರು. ಡೊರೀನ್ ತಾನೂ ಬಸಿಗೆ ಸುರುವಿಕೊಂಡಳು, ನಮ್ಮಜ್ಜ ಗಣಿಯಿಂದ ಬಂದು ಹೀಗೇ ಕುಡಿಯುತ್ತಿದ್ದ ಎಂದಳು. ಅಂದಿನಿಂದ ಅವಳು ನನ್ನವಳಾದಳು.

ಮೂರನೆಯ ಬುಧವಾರ ಅವಳು ಸ್ಕೋನ್ ತಂದಳು. ನಮ್ಮ ಬೇಕರಿಯ ಬನ್ನಿಗಿಂತ ಗಟ್ಟಿ, ಬಿಸ್ಕಿಟಿಗಿಂತ ಮೆತ್ತಗೆ ಇರುತ್ತದೆ. ಒಡೆದು ಜಾಮ್ ಮತ್ತು ಕೆನೆ ಹಚ್ಚಿ ತಿನ್ನಬೇಕು. ಅಂದಿನ ಪಾಠ ಬಡಿಸುವುದು, ಬೇಡ ಎನ್ನುವುದು. ನನ್ನನ್ನು ಮನೆಯೊಡತಿ ಮಾಡಿದಳು. ನಾನು ಪಕ್ಕದ ಚೀನಾದ ಅಜ್ಜಿಗೆ ಇನ್ನೊಂದು ಸ್ಕೋನ್ ಬೇಕೆ ಎಂದು ಕೇಳಿದೆ. ಅಜ್ಜಿ "ನೋ, ಥ್ಯಾಂಕ್ ಯೂ" ಎಂದಳು. ನಾನು ಹಾಕಿದೆ. ಅವಳು ಮತ್ತೆ "ನೋ, ಥ್ಯಾಂಕ್ ಯೂ" ಎಂದಳು. ನಾನು ಇನ್ನೊಂದು ಹಾಕಿದೆ, ಕೆನೆಯನ್ನೂ ಹೇರಿದೆ. ಅಜ್ಜಿ ಎರಡೂ ಕೈಯಿಂದ ತಟ್ಟೆ ಮುಚ್ಚಿಕೊಂಡಳು, ನಾನು ಕೈಯನ್ನು ಸರಿಸಿ ಹಾಕಿದೆ. ನಿನಗೆ ಗೊತ್ತಲ್ಲ, ನಮ್ಮ ಖಾನಾವಳಿಯ ಹೆಸರೇ ಅದರಿಂದ. ಮೊದಲ ಬ್ಯಾಡ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ, ಮೂರನೆಯ ಸಲ ಅಂದರೆ ಅರ್ಧ ರೊಟ್ಟಿ ಹಾಕಬೇಕು ಎಂದು ಬಡಿಸುವವರಿಗೆಲ್ಲ ನಾನೇ ಕಲಿಸಿದ್ದು.

ಡೊರೀನ್ ಎದ್ದು ಬಂದು ಅಜ್ಜಿಯ ತಟ್ಟೆಯನ್ನು ನನ್ನ ಮುಂದಿನಿಂದ ಎತ್ತಿದಳು. ನಗಲಿಲ್ಲ. "ಗಿರಿಜಾ, ಆಕೆ ಬೇಡ ಎಂದಳು. ನಮ್ಮಲ್ಲಿ ಒಂದು ಸಲ ಕೇಳುತ್ತಾರೆ, ಉತ್ತರ ನಂಬುತ್ತಾರೆ" ಎಂದಳು. ತಿರುಗಿ ಬರುವಾಗ ಕಾರಿನಲ್ಲಿ ನಾನು ಗೊಣಗುತ್ತಲೇ ಇದ್ದೆ, ಹೀಗೆ ಒಂದೇ ಸಲ ಕೇಳುವ ಮನೆಯಲ್ಲಿ ಬೀಗರು ಉಪವಾಸ ಏಳುತ್ತಾರೆ ಎಂದೆ. ರಕ್ಷಾ ರಸ್ತೆಯನ್ನೇ ನೋಡುತ್ತಾ ಹೇಳಿದಳು: "ಅತ್ತಿ, ಒಂದs ಸಲ ಹೇಳಿದ್ದು ಕೇಳೋ ಮಂದಿ ಅದಾರ ಅಂದ್ರ, ನನಗ ಅವರ ಊರಾಗ ಹೋಗಿ ಇರಬೇಕು ಅನಸ್ತದ." ನಾನು ಅದನ್ನು ತಮಾಷೆ ಎಂದುಕೊಂಡೆ.

ಇನ್ನು ನನ್ನ ಸುಳ್ಳುಗಳನ್ನು ಹೇಳಿಬಿಡುತ್ತೇನೆ. ಜೂನ್‌ನಲ್ಲಿ ವಿಡಿಯೋದಲ್ಲಿ ರಕ್ಷಾಳ ಅಂಗೈಗೆ ಪಟ್ಟಿ ಕಂಡು ನೀನು ಕೇಳಿದ್ದೆ. ರೊಟ್ಟಿ ಬೇಯಿಸುವಾಗ ಹಂಚು ತಾಗಿತು ಎಂದೆ. ಕಿರಣ ಅವಳ ಕೈಯನ್ನು ಹಿಡಿದು ಹಂಚಿಗೆ ಒತ್ತಿದ್ದ. ರೊಟ್ಟಿ ಒಂದು ಕಡೆ ಕರಿದಾಗಿತ್ತು, ಅಷ್ಟಕ್ಕೇ. ಚರ್ಮ ಸುಟ್ಟ ವಾಸನೆ ರೊಟ್ಟಿಯ ವಾಸನೆಯ ಜೊತೆ ಅಡುಗೆಮನೆ ತುಂಬ ಹರಡಿತ್ತು. ಆಗಸ್ಟ್‌ನಲ್ಲಿ ಅವಳು ಹದಿನೈದು ದಿನ ನಿನ್ನ ಜೊತೆ ಕತ್ತಲೆಯಲ್ಲಿ ಕೂತು ಮಾತಾಡಿದಳು, ಕಣ್ಣಿಗೆ ಅಲರ್ಜಿ ಎಂದೆ. ಕಣ್ಣು ಬಾತು ಮುಚ್ಚಿತ್ತು. ನಾನು ಮಗನಿಗೆ ಬೈದೆ, ಕಣ್ಣೀರು ಹಾಕಿದೆ, ಒಂದು ದಿನ ಉಪವಾಸ ಕೂತೆ. ಅವನು ನನ್ನ ಕಾಲು ಹಿಡಿದು ಅತ್ತ. ಆಫೀಸಿನ ಟೆನ್ಷನ್ ಅವ್ವಾ ಎಂದ. ಕಾಲು ಹಿಡಿದ ಮಗನನ್ನು ನಾನು ನಂಬಿದೆ. ಖಾನಾವಳಿಗೆ ಕುಡಿದು ಬಂದು ಪಾತ್ರೆ ತೊಳೆಯುವವಳ ಸೆರಗು ಎಳೆದವನ ತಲೆಗೆ ಬಿಸಿ ಸಾರು ಹೊಯ್ದಿದ್ದೆನಲ್ಲ, ಆ ಗಿರಿಜಾದೇವಿ ಈ ದೇಶದಲ್ಲಿ ಎಲ್ಲಿ ಕಳೆದುಹೋಗಿದ್ದಳೋ.

ಸೆಪ್ಟೆಂಬರ್ ಇಪ್ಪತ್ತೊಂದು, ಶನಿವಾರ. ಮನೆಯಲ್ಲಿ ಇಂಗ್ಲಿಷ್ ಚಹಾ ಮಾಡಿ ಬಂದು ಹೇಳಿ ಎಂದು ಡೊರೀನ್ ಹೋಂವರ್ಕ್ ಕೊಟ್ಟಿದ್ದಳು. ನನಗೆ ಉತ್ಸಾಹ ಬಂತು. ಹಳೇ ಸಾಮಾನಿನ ಅಂಗಡಿಯಿಂದ ಬಿಳೀ ಪಾಟ್ ತಂದಿದ್ದೆ. ರಕ್ಷಾ ಸ್ಕೋನ್ ಬೇಯಿಸಿದಳು, ನಾನು ಸೌತೇಕಾಯಿ ಸ್ಯಾಂಡ್‌ವಿಚ್ಚಿಗೆ ಕದ್ದು ಹಸಿಮೆಣಸಿನ ಚಟ್ನಿ ಸವರಿದೆ. ನಾಲ್ಕು ಗಂಟೆಗೆ ಕಿರಣ ಲ್ಯಾಪ್‌ಟಾಪ್ ಮುಚ್ಚಿ ಬಂದು ಕೂತ. ಖುಷಿಯಲ್ಲೇ ಇದ್ದ. "ಅವ್ವಾ, ನೀ ಖರೇನs ಇಂಗ್ಲಿಷ್ ಮಡ್ಡಮ್ಮ ಆದಿ ನೋಡು" ಎಂದು ನಕ್ಕ. ನಾನು ಪಾಟಿನಿಂದ ಮೂರು ಕಪ್ಪಿಗೂ ಸುರಿದೆ.

ಅವನು ಒಂದು ಸ್ಕೋನಿಗೆ ದಪ್ಪಗೆ ಕೆನೆ ಹಚ್ಚಿ ರಕ್ಷಾಳ ತಟ್ಟೆಗೆ ಹಾಕಿದ. ಅವಳಿಗೆ ಎರಡು ದಿನದಿಂದ ಹೊಟ್ಟೆ ಸರಿಯಿರಲಿಲ್ಲ. ನಕ್ಕು "ನೋ, ಥ್ಯಾಂಕ್ ಯೂ" ಎಂದಳು, ಕ್ಲಾಸಿನಲ್ಲಿ ಹೇಳಿದ ಹಾಗೇ. ಅವನು ಇನ್ನೊಂದು ಹಾಕಿದ. ಅವಳು ಮತ್ತೆ "ನೋ, ಥ್ಯಾಂಕ್ ಯೂ" ಎಂದು ತಟ್ಟೆಯನ್ನು ಸರಿಸಿದಳು.

"ವಾರಾ ವಾರಾ ಕಾರ್ ಓಡಿಸಿಕೊಂಡು ಹೋಗಿ ಇದನ್ನs ಕಲ್ತು ಬಂದೀ ಏನು?" ಎಂದ.

"ಮಾಮಾ, ಹೊಟ್ಟಿ ಸರಿ ಇಲ್ಲ. ನನಗ ಬ್ಯಾಡ."

"ನನ್ನ ಕೈಯಾಗಿಂದು ಬ್ಯಾಡ?"

ಆಗ ನಾನು ಏನು ಮಾಡಿದೆ ಗೊತ್ತೇ, ತಮ್ಮಾ? ಅವನ ದನಿ ಬದಲಾದದ್ದು ನನಗೆ ಗೊತ್ತಾಗಿತ್ತು, ಜೂನ್‌ನಲ್ಲಿ ಕೇಳಿದ ದನಿಯೇ ಅದು. ಆದರೂ ನಾನು ಅವಳ ಕಡೆ ತಿರುಗಿ "ತಿಂದು ಬಿಡವ್ವಾ, ಒಂದs ತುತ್ತು, ಅವಗ ಬ್ಯಾಸರ ಆಗ್ತದ" ಎಂದೆ. ಅವಳು ನನ್ನನ್ನು ನೋಡಿದಳು. ಆ ನೋಟ ನಾನು ಸಾಯುವ ತನಕ ಮರೆಯುವುದಿಲ್ಲ.

ಕಿರಣ ಎದ್ದು ಅವಳ ಹೆರಳು ಹಿಡಿದು ತಲೆಯನ್ನು ಹಿಂದಕ್ಕೆ ಎಳೆದ. ಸ್ಕೋನನ್ನು ಬಾಯಿಗೆ ತುರುಕಿದ. ಅವಳು ಬಾಯಿ ಬಿಗಿಹಿಡಿದಳು. ತುಟಿಯ ಮೇಲೆ, ಮೂಗಿನ ಮೇಲೆ ಕೆನೆ ಒರೆಸುತ್ತಾ ತುರುಕುತ್ತಲೇ ಇದ್ದ. ಉಸಿರು ಕಟ್ಟಿ ಬಾಯಿ ತೆರೆದಾಗ ಅಷ್ಟೂ ಒಳಗೆ ನೂಕಿದ. ಅವಳು ಕೆಮ್ಮಿ ಅವನ ಶರ್ಟಿನ ಮೇಲೆ ಉಗುಳಿದಳು. ಅವನು ಅವಳ ಮುಖವನ್ನು ಮೇಜಿಗೆ ಬಡಿದ. ತಟ್ಟೆ ಒಡೆಯಿತು. ಎತ್ತಿ ಮತ್ತೆ ಬಡಿದ. ಎರಡನೆಯ ಸಲ ಸದ್ದು ಬೇರೆ ಇತ್ತು, ಅದು ದವಡೆ. ಜಾಮ್ ಯಾವುದು, ರಕ್ತ ಯಾವುದು ಗೊತ್ತಾಗಲಿಲ್ಲ. ಮೂರನೆಯ ಸಲ ಎತ್ತಿದ.

ಪಾಟ್ ನನ್ನ ಕೈಯಲ್ಲೇ ಇತ್ತು. ಮುಚ್ಚಳ ತೆಗೆದು ಇದ್ದಷ್ಟನ್ನೂ ಅವನ ಕುತ್ತಿಗೆಗೆ ಹೊಯ್ದೆ. ಉಣ್ಣೆಯ ಟೋಪಿಯೊಳಗೆ ಇಟ್ಟ ಚಹಾ ಎಷ್ಟು ಹೊತ್ತಾದರೂ ಬಿಸಿ ಆರುವುದಿಲ್ಲ. ಅಂಥ ಕೂಗು ಅವನು ಹುಟ್ಟಿದಾಗಲೂ ಕೂಗಿರಲಿಲ್ಲ. ಹೆರಳು ಬಿಟ್ಟು ನನ್ನತ್ತ ಬಂದ. ನಾನು ಖಾಲಿ ಪಾಟಿನಿಂದ ಅವನ ಹಣೆಗೆ ಹೊಡೆದೆ, ಅದು ಚೂರಾಯಿತು, ಹಿಡಿ ಮಾತ್ರ ನನ್ನ ಕೈಯಲ್ಲಿ ಉಳಿಯಿತು. ಆ ಕೈಯನ್ನು ಹಿಡಿದು ಬೆರಳು ಹಿಂದಕ್ಕೆ ಮಡಚಿದ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ನಾನು ಕೈತುತ್ತು ಕೊಟ್ಟ ಬೆರಳುಗಳನ್ನೇ. ದೂಡಿದಾಗ ನಾನು ಒಲೆಯ ಅಂಚಿಗೆ ಬಿದ್ದೆ, ಪಕ್ಕೆಲುಬು ಬಿರಿಯಿತು.

ರಕ್ಷಾ ಹೇಗೋ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಅವನು ಬಾಗಿಲನ್ನು ಒದೆಯಲು ಹೋದ. ನಾನು ನೆಲದ ಮೇಲೆ ತೆವಳಿಕೊಂಡು ಫೋನು ಹಿಡಿದು ಪೊಲೀಸರನ್ನು ಕರೆಯುವ 911 ಒತ್ತಿದೆ. "ಮೈ ಸನ್ ಬೀಟಿಂಗ್. ಗರ್ಲ್ ಬ್ಲಡ್. ಕಮ್ ಫಾಸ್ಟ್" ಎಂದೆ. ಆ ಕಡೆಯ ಹೆಂಗಸು ವಿಳಾಸ ಕೇಳಿದಳು. ಅದು ನಮ್ಮ ಮೊದಲನೆಯ ಬುಧವಾರದ ಪಾಠ, ತಪ್ಪಿಲ್ಲದೆ ಹೇಳಿದೆ. ಬಾಗಿಲ ಹಲಗೆ ಸೀಳುವ ಹೊತ್ತಿಗೆ ಪೊಲೀಸರು ಬಂದರು. ಕೈಕೋಳ ಹಾಕಿ ಒಯ್ಯುವಾಗ ಅವನು ಹಿಂತಿರುಗಿ "ಅವ್ವಾ" ಎಂದ. ನಾನು ಆ ಕಡೆ ನೋಡಲಿಲ್ಲ. ಹೋದ ಮೇಲೆ, ಅವನ ಕುತ್ತಿಗೆಗೆ ಯಾರು ಮುಲಾಮು ಹಚ್ಚುತ್ತಾರೆ ಎಂದು ಯೋಚನೆ ಬಂತು. ಈಗಲೂ ಬರುತ್ತದೆ. ತಾಯಿಯ ಜನ್ಮ ಹೀಗೆ ಹಾಳು.

ನಿನ್ನ ಮಗಳ ಎರಡು ಹಲ್ಲು ಹೋಗಿವೆ. ದವಡೆಗೆ ತಂತಿ ಬಿಗಿದಿದ್ದಾರೆ, ಆರು ವಾರ ಬಾಯಿ ತೆರೆಯುವಂತಿಲ್ಲ. ಏನಿದ್ದರೂ ಕೊಳವೆಯಲ್ಲಿ ಹೀರಬೇಕು. ನೀನು ಫೋನಿನಲ್ಲಿ "ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಮಗಳs" ಎಂದಾಗ ಅವಳು ಉತ್ತರ ಕೊಡಲಿಲ್ಲ, ಸಿಟ್ಟು ಎಂದುಕೊಂಡೆಯಲ್ಲ, ಅವಳಿಗೆ ಬಾಯಿಯೇ ಇರಲಿಲ್ಲ. ಡೊರೀನ್ ವಾರಕ್ಕೆರಡು ಸಲ ಸೂಪು ಮಾಡಿ ತರುತ್ತಾಳೆ, ಉಪ್ಪು ಖಾರ ಒಂದೂ ಇಲ್ಲ, ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ. ನಾನು ಅಂಬಲಿ ತೆಳ್ಳಗೆ ಮಾಡಿ ಹಿಡಿದು ನಿಂತು ಬೇಕೇ ಎಂದು ಒಂದು ಸಲ ಕೇಳುತ್ತೇನೆ. ಅವಳು ತಲೆ ಅಲ್ಲಾಡಿಸಿದರೆ ಲೋಟ ತೆಗೆದುಕೊಂಡು ಒಳಗೆ ಹೋಗುತ್ತೇನೆ. ಇದೇನು ದೊಡ್ಡ ಕೆಲಸ ಎನ್ನಬಹುದು ನೀನು. ಸೊರಗಿದ ಮಗಳು ಅನ್ನ ಬೇಡ ಎಂದಾಗ ಸುಮ್ಮನೆ ತಿರುಗಿ ಹೋಗುವುದು ಪಕ್ಕೆಲುಬಿನ ನೋವಿಗಿಂತ ಹೆಚ್ಚಿನದು. ಅಡುಗೆಮನೆಯಲ್ಲಿ ನಿಂತು ಅಳುತ್ತೇನೆ. ಆಮೇಲೆ ಒಂದು ತಾಸಿಗೆ ಅವಳೇ ಬಂದು ಲೋಟ ತೆಗೆದುಕೊಳ್ಳುತ್ತಾಳೆ.

ಈಗ ಗುರುವಾರದ ಮಾತು. ಕಿರಣ ಅವಳ ಹತ್ತಿರ ಬರಬಾರದು ಎಂಬ ಆದೇಶ ಸದ್ಯಕ್ಕೆ ಇದೆ. ಅದು ಕಾಯಂ ಆಗಬೇಕೋ ಬೇಡವೋ ಎಂದು ನ್ಯಾಯಾಧೀಶರು ಅಂದು ಹೇಳುತ್ತಾರೆ. ಚಹಾ ಚೆಲ್ಲಿ ಜಾರಿ ಬಿದ್ದಳು ಎಂದು ನಾನು ಹೇಳಿದರೆ ಅವನು ಬಂದು ಅವಳನ್ನು ಮನೆಗೆ ಕರೆದೊಯ್ಯುತ್ತಾನೆ. ಇನ್ನೊಂದು ಸಲ ಅವನು ತಲೆ ಎತ್ತಿ ಬಡಿಯುವಾಗ ನಾನು ಗದಗಿನಲ್ಲಿರುತ್ತೇನೆ, ನವೆಂಬರಿಗೆ ನನ್ನ ಆರು ತಿಂಗಳು ಮುಗಿಯುತ್ತದೆ. ಆದ್ದರಿಂದ ಕೇಳು. ಚಹಾ ಚೆಲ್ಲಲಿಲ್ಲ, ನಾನು ಹೊಯ್ದೆ ಎಂದು ಹೇಳುತ್ತೇನೆ. ಯಾಕೆ ಹೊಯ್ದೆ ಎಂದೂ ಹೇಳುತ್ತೇನೆ, ಮೊದಲ ಸ್ಕೋನಿನಿಂದ ಹಿಡಿದು. ಹಂಚಿನ ಕೈಯನ್ನೂ ಬಾತ ಕಣ್ಣನ್ನೂ ಹೇಳುತ್ತೇನೆ. ಕನ್ನಡ ಬಲ್ಲ ದುಭಾಷಿಯನ್ನು ಕೊಡುತ್ತಾರಂತೆ. ನನ್ನ ಮೇಲೆ ಕೇಸು ಹಾಕಿದರೆ ಹಾಕಲಿ. ವೀಸಾ ಹೋಗುವುದಿದ್ದರೆ ಹೋಗಲಿ, ಅವಳಿಗೆ ಬೇರೆ ದಾರಿ ಇದೆ ಎಂದು ಇಲ್ಲಿಯ ವಕೀಲರು ಬರೆದು ಕಳಿಸಿದ್ದನ್ನು ಅವನಿ ನನಗೆ ಓದಿ ಹೇಳಿದಳು. ಇದರಲ್ಲಿ ನಿನ್ನ ಒಪ್ಪಿಗೆ ಕೇಳುತ್ತಿಲ್ಲ.

ಒಂದೇ ಒಂದು ಕೇಳಿಕೊಳ್ಳುತ್ತೇನೆ. ನಾಳೆ ಅವಳಿಗೆ ಫೋನು ಮಾಡು. ಬುದ್ಧಿ ಹೇಳಬೇಡ, ಮನೆತನ ಎನ್ನಬೇಡ. ನಿನಗೇನು ಬೇಕು ಮಗಳೇ ಎಂದು ಕೇಳು. ಅವಳು ಬರೆದು ತೋರಿಸುತ್ತಾಳೆ. ಅದನ್ನು ಓದಿ, ಆಯಿತು ಎಂದು ಹೇಳಿ ಫೋನು ಇಡು.

ನಿನಗೆ, ಕೌಸಲ್ಯಾಳಿಗೆ ಬಸವಣ್ಣ ಒಳ್ಳೆಯದು ಮಾಡಲಿ. ನನಗೆ ಒಳ್ಳೆಯದು ಕೇಳಿಕೊಳ್ಳುವ ಮುಖ ಇಲ್ಲ. ನಿನ್ನ ಮಗಳ ಗಾಯ ಮಾಯಲಿ ಎಂದು ದಿನಾ ಲಿಂಗಪೂಜೆಯಲ್ಲಿ ಕೇಳುತ್ತೇನೆ.

ನಿನ್ನ ಅಕ್ಕ,
ಗಿರಿಜಾದೇವಿ

ತಾ.ಕ.: ಫೋಟೋ ತೆಗೆಯಲು ಅವನಿ ಕೈ ಚಾಚಿ ನಿಂತಿದ್ದಳು, ಇನ್ನೊಂದು ಹಾಳೆ ಇದೆ ಎಂದು ಕಳಿಸಿದೆ. ನಿಶ್ಚಯದ ಹಿಂದಿನ ದಿನ ನೀನು, ಅಪ್ಪ ಆದವನು ಮಗಳನ್ನು ಹೇಗೆ ಕೇಳಲಿ ಎಂದು ನನ್ನನ್ನು ಅವಳ ಹತ್ತಿರ ಕಳಿಸಿದ್ದೆಯಲ್ಲ. ಖಾನಾವಳಿಯ ಉಗ್ರಾಣದಲ್ಲಿ ಜೋಳದ ಚೀಲದ ಮೇಲೆ ಕೂತಿದ್ದಳು. "ಅತ್ತಿ, ಕಿರಣ ಮಾಮಾನ್ನ ನಾ ಒಲ್ಲೆ" ಎಂದಳು. ಬಳೆ ಸರಿಸಿ ಮಣಿಕಟ್ಟು ತೋರಿಸಿದಳು. ಅಂದು ಬೆಳಿಗ್ಗೆ ಅವಳು ತನ್ನ ಮೊಬೈಲ್ ಕೊಡಲಿಲ್ಲ ಎಂದು ಅವನು ತಿರುಚಿದ್ದ, ಐದೂ ಬೆರಳು ನೀಲಿಯಾಗಿ ಮೂಡಿದ್ದವು. ನಾನು ಅದಕ್ಕೆ ಅರಿಷಿಣ ಕಲಸಿ ಹಚ್ಚಿದೆ, ಯಾರಿಗೂ ಹೇಳಬೇಡ ಎಂದೆ, ಹೊರಗೆ ಬಂದು ನಿನಗೆ "ಹುಡುಗಿ ಒಪ್ಪ್ಯಾಳ" ಎಂದೆ. ಅವಳ ಕೈಯ ಅರಿಷಿಣ ನೋಡಿ ನೀನು "ಏನಕ್ಕಾ, ಈಗಿಂದಾನ ಅರಿಷಿಣ ಹಚ್ಚಾಕ ಸುರು ಮಾಡಿದಿ?" ಎಂದು ನಕ್ಕೆ. ನಾನೂ ನಿನ್ನ ಜೊತೆ ನಕ್ಕೆ.